ಮಾಯವಾಗುವ ಶಾಯಿಯ ಅಂಕಿ ಪುಸ್ತಕ: ಮೂರು ತಿಂಗಳು ತಿದ್ದಿಸಿ ನೋಡಿದ ಮೇಲೆ

ಅಂಕಿಗಳ ಆಕಾರವನ್ನು ದಪ್ಪ ಹಾಳೆಯಲ್ಲಿ ತೋಡಿನಂತೆ ಒತ್ತಿ ಮೂಡಿಸಿ, ಆ ತೋಡಿನೊಳಗೆ ಪೆನ್ನು ಓಡಿಸುತ್ತ ಮಕ್ಕಳು ಬರೆಯಲು ಕಲಿಯಲಿ ಎಂದು ತಯಾರಿಸಿದ ಪುಸ್ತಕಗಳು ಈಚೆಗೆ ಚಿಕ್ಕ ಮಕ್ಕಳಿರುವ ಅನೇಕ ಮನೆಗಳಲ್ಲಿ ಕಾಣಸಿಗುತ್ತವೆ. ನಾನು ತರಿಸಿಕೊಂಡ ಕಟ್ಟಿನಲ್ಲಿ ನಾಲ್ಕು ಪುಸ್ತಕ, ಒಂದು ಪೆನ್ನು, 10 ರೀಫಿಲ್ ಮತ್ತು ಬೆರಳುಗಳಿಗೆ ಸಿಕ್ಕಿಸುವ ಒಂದು ರಬ್ಬರ್ ಹಿಡಿಕೆ ಇದ್ದವು. ಬರೆದ ಶಾಯಿ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಮಾಯವಾಗುವುದರಿಂದ ಒಂದೇ ಪುಟದ ಮೇಲೆ ಎಷ್ಟು ಸಲ ಬೇಕಾದರೂ ತಿದ್ದಬಹುದು ಎಂಬುದು ಇದರ ಹೆಗ್ಗಳಿಕೆ. ಅಕ್ಷರದ್ದು, ಚಿತ್ರದ್ದು ಮತ್ತು ಕೂಡುವ ಕಳೆಯುವ ಲೆಕ್ಕದ್ದನ್ನು ಬದಿಗಿಟ್ಟು, ಅಂಕಿಗಳ ಪುಸ್ತಕವೊಂದನ್ನೇ ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ತಂಗಿಯ ಮಗಳಿಗೆ ನಾಲ್ಕೂವರೆ ವರ್ಷ. ಅವಳ ಅಣ್ಣನಿಗೆ ಆರು ತುಂಬುವುದರಲ್ಲಿದೆ, ಅವನು ಎಡಗೈಯಲ್ಲಿ ಬರೆಯುತ್ತಾನೆ. ಸಂಜೆಯ ಹೊತ್ತು ಇಬ್ಬರೂ ನನ್ನ ಜೊತೆಗಿರುವುದರಿಂದ, ಈ ಪುಸ್ತಕ ಅವರ ಕೈಯಲ್ಲಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಮೂರು ತಿಂಗಳು ಹತ್ತಿರದಿಂದ ನೋಡಿದ್ದೇನೆ.

ಪ್ರತಿ ಅಂಕಿಗೂ ಎದುರುಬದುರಾದ ಎರಡು ಪುಟಗಳಿವೆ. ಎಡಪುಟದ ಮೇಲ್ಭಾಗದಲ್ಲಿ ಅಂಗೈಯಗಲದ ಒಂದು ದೊಡ್ಡ ಅಂಕಿ, ಅದರ ಪಕ್ಕದಲ್ಲಿ ಅಷ್ಟೇ ಸಂಖ್ಯೆಯ ಚಿತ್ರಗಳು. ಅದರ ಕೆಳಗೂ ಬಲಪುಟದಲ್ಲಿಯೂ ಸಾಲಾಗಿ ಸಣ್ಣ ಅಂಕಿಗಳು. ದೊಡ್ಡ ಅಂಕಿಯ ತೋಡು ಅಗಲವಾಗಿದೆ, ಬೆರಳ ತುದಿಗೆ ಅಂಚು ಚೆನ್ನಾಗಿ ತಾಕುತ್ತದೆ. ಸಣ್ಣ ಅಂಕಿಗಳ ತೋಡು ಪೆನ್ನಿನ ಮೊನೆಯಷ್ಟೇ ಅಗಲ. ಎಲ್ಲಿಂದ ಆರಂಭಿಸಬೇಕು, ಯಾವ ಕಡೆಗೆ ಹೋಗಬೇಕು ಎಂಬುದನ್ನು ತೋರಿಸುವ ಬಾಣದ ಗುರುತುಗಳು ದೊಡ್ಡ ಅಂಕಿಯ ಮೇಲೆ ಮಾತ್ರ ಇವೆ, ಅವೂ ತಿಳಿಬೂದು ಬಣ್ಣದಲ್ಲಿ, ದೀಪದ ಬೆಳಕಿನಲ್ಲಿ ನನಗೇ ಸರಿಯಾಗಿ ಕಾಣದಷ್ಟು ಸಣ್ಣದಾಗಿವೆ. ಹಾಳೆ ಗಟ್ಟಿಯಾಗಿದೆ, ಹೊಲಿಗೆ ಬಲವಾಗಿದೆ. ಪುಸ್ತಕವನ್ನು ತೆರೆದಿಟ್ಟರೆ ಮೇಜಿನ ಮೇಲೆ ಮಟ್ಟಸವಾಗಿ ಕೂರುತ್ತದೆ. ಕಟ್ಟುವಿಕೆಯ ಬಗ್ಗೆ ದೂರಲು ಏನೂ ಇಲ್ಲ.

ಮೊದಲ ವಾರ ನನಗೂ ಇದು ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು. ಹುಡುಗಿಗೆ ಅದುವರೆಗೆ ಪೆನ್ಸಿಲ್ ಹಿಡಿದು ಗೆರೆ ಎಳೆಯುವುದೆಂದರೆ ಒಂದು ಬಗೆಯ ಹಿಂಜರಿಕೆ ಇತ್ತು. ಕೈ ಎತ್ತ ಹೋದೀತೋ ಎಂಬ ಅಂಜಿಕೆಯಲ್ಲಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದಳು. ತೋಡಿನೊಳಗೆ ಪೆನ್ನು ಇಟ್ಟಾಗ ಕೈ ಜಾರಲಿಲ್ಲ, ಅಂಕಿ ಕೆಡಲಿಲ್ಲ, ಯಾರೂ ತಪ್ಪು ಎನ್ನಲಿಲ್ಲ. 1 ಮತ್ತು 0 ಅನ್ನು ಎರಡೇ ದಿನದಲ್ಲಿ ಮುಗಿಸಿ 2ಕ್ಕೆ ಹೋದಳು. ಸೊಂಟ ಬಗ್ಗಿಸಿ, ನಾಲಗೆಯ ತುದಿ ಹೊರಗೆ ಹಾಕಿ, ಹತ್ತು ನಿಮಿಷ ಅಲುಗಾಡದೆ ಕುಳಿತು ಒಂದು ಸಾಲು ಪೂರ್ತಿ ಬರೆದ ಮಗುವನ್ನು ನೋಡಿದಾಗ ಯಾವ ದೊಡ್ಡವರಿಗಾದರೂ ಸಂತೋಷವೇ ಆಗುತ್ತದೆ. ಪೆನ್ನಿಗೆ ಅಂಜುವ ಮಗುವಿಗೆ ಧೈರ್ಯ ಕೊಡುವ ಕೆಲಸವನ್ನು ಈ ಪುಸ್ತಕ ಚೆನ್ನಾಗಿಯೇ ಮಾಡುತ್ತದೆ, ಆ ಮಟ್ಟಿಗೆ ಇದರ ಮೇಲೆ ನನ್ನ ತಕರಾರಿಲ್ಲ.

ತಕರಾರು ಆರಂಭವಾದದ್ದು 5ರ ಪುಟದಲ್ಲಿ. ಅಂಕಿ ಬರೆಯುವುದೆಂದರೆ ಕೊನೆಗೆ ಒಂದು ಆಕಾರ ಸಿಗುವುದಷ್ಟೇ ಅಲ್ಲ. ಆ ಆಕಾರಕ್ಕೆ ಕೈ ಯಾವ ದಾರಿಯಲ್ಲಿ ತಲುಪಿತು ಎಂಬುದೂ ಅಷ್ಟೇ ಮುಖ್ಯ. 0, 6, 8 ಮತ್ತು 9ರ ಬಳುಕು ಮೇಲಿನಿಂದ ಹೊರಟು ಮೊದಲು ಎಡಕ್ಕೆ ತಿರುಗುತ್ತದೆ. 2, 3 ಮತ್ತು 7 ಎಡಮೂಲೆಯಿಂದ ಬಲಕ್ಕೆ ಹೊರಡುತ್ತವೆ. 4 ಮತ್ತು 5ರಲ್ಲಿ ಮಾತ್ರ ಕೈಯನ್ನು ಒಮ್ಮೆ ಎತ್ತಿ ಮತ್ತೆ ಇಡಬೇಕಾಗುತ್ತದೆ. 5ರಲ್ಲಿ ಕುತ್ತಿಗೆ, ಹೊಟ್ಟೆ ಎರಡನ್ನೂ ಬರೆದು ಮುಗಿಸಿದ ಮೇಲೆ ತಲೆಯ ಟೊಪ್ಪಿಗೆಯನ್ನು ಕಡೆಯಲ್ಲಿ ಹಾಕುವುದು ವಾಡಿಕೆ. ಟೊಪ್ಪಿಗೆಯಿಂದಲೇ ಹೊರಟು ಒಂದೇ ಗೆರೆಯಲ್ಲಿ ಕೆಳಗಿಳಿದರೆ, ಸ್ವಲ್ಪ ವೇಗ ಬಂದೊಡನೆ ಮೂಲೆಗಳು ಸವೆದು ಅದು ಇಂಗ್ಲಿಷಿನ ಎಸ್ ಅಕ್ಷರದಂತಾಗುತ್ತದೆ. ನಮ್ಮ ಹುಡುಗಿ ಟೊಪ್ಪಿಗೆಯಿಂದಲೂ ಹೊರಡಲಿಲ್ಲ. ಹೊಟ್ಟೆಯ ಕೆಳತುದಿಯಲ್ಲಿ ಪೆನ್ನಿಟ್ಟು, ತೋಡು ಹಿಡಿದು ಮೇಲಕ್ಕೆ ಹತ್ತಿ, ಟೊಪ್ಪಿಗೆಯ ತುದಿಯಲ್ಲಿ ನಿಲ್ಲಿಸಿದಳು. ಕಾಗದದ ಮೇಲೆ ಮೂಡಿದ 5 ಅಚ್ಚುಕಟ್ಟಾಗಿತ್ತು. ತೋಡಿಗೆ ಕೆಳಗಿನಿಂದ ಬಂದರೂ ಒಂದೇ, ಮೇಲಿನಿಂದ ಬಂದರೂ ಒಂದೇ. ಬಾಣದ ಗುರುತನ್ನು ಓದುವ ವಯಸ್ಸು ಆ ಮಗುವಿನದಲ್ಲ, ಪಕ್ಕದಲ್ಲಿ ಕೂರುವ ದೊಡ್ಡವರು ನೋಡದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಮಗುವನ್ನು ಒಂಟಿಯಾಗಿ ಕೂರಿಸಿ ಬರೆಸಬಹುದೆಂಬುದೇ ಇಂಥ ಪುಸ್ತಕಗಳ ಮಾರಾಟದ ಮಾತಾಗಿರುವುದರಿಂದ, ಇದನ್ನು ಸಣ್ಣ ಕೊರತೆಯೆಂದು ನಾನು ಎಣಿಸಲಾರೆ.

8ರಲ್ಲಿ ಇನ್ನೊಂದು ಬಗೆಯ ತೊಡಕು. ನಡುವೆ ಎರಡು ತೋಡುಗಳು ಒಂದನ್ನೊಂದು ದಾಟುವ ಜಾಗದಲ್ಲಿ ಅಂಚು ಇರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಪೆನ್ನಿನ ಮೊನೆ ಅಲ್ಲಿಗೆ ಬಂದಾಗ ನೇರವಾಗಿ ಎದುರಿನ ತೋಡಿಗೆ ಹೋಗುವ ಬದಲು ಪಕ್ಕದ ತೋಡಿಗೆ ಜಾರಿಬಿಡುತ್ತದೆ. ಆಗ ಮಗು ಮೇಲಿನ ಸುತ್ತನ್ನು ಒಂದು ಸೊನ್ನೆಯಾಗಿ ಮುಗಿಸಿ, ಕೆಳಗಿನದನ್ನು ಇನ್ನೊಂದು ಸೊನ್ನೆಯಾಗಿ ಬರೆಯುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕುತ್ತ ಇಳಿದು ಮತ್ತೆ ಏರುವ ಒಂದೇ ಗೆರೆ ಅದು ಎಂಬುದು 8ರ ಜೀವಾಳ. ಅದೇ ಇಲ್ಲಿ ಕೈತಪ್ಪುತ್ತದೆ. ನಾನು ಆ ದಾಟುವ ಜಾಗದಲ್ಲಿ ಮಗುವಿನ ಕೈಯನ್ನು ಹಿಡಿದು ನಾಲ್ಕಾರು ಸಲ ನಡೆಸಿದ ಮೇಲೆಯೇ ಸರಿಯಾಯಿತು. ಹಾಗೆ ಕೈ ಹಿಡಿದೇ ನಡೆಸುವುದಾದರೆ ತೋಡು ಏತಕ್ಕೆ ಬೇಕಿತ್ತು ಎಂದು ಆಗ ಅನ್ನಿಸದೆ ಇರಲಿಲ್ಲ.

ಮೂರನೆಯ ವಾರದ ಕೊನೆಗೆ ಪುಸ್ತಕವನ್ನು ಎತ್ತಿಟ್ಟು, ಗೆರೆಯಿಲ್ಲದ ಒಂದು ಬಿಳಿ ಹಾಳೆ ಕೊಟ್ಟು, ನಾನು ಹೇಳಿದ ಅಂಕಿಯನ್ನು ಬರೆಯುವಂತೆ ಹೇಳಿದೆ. 0, 1 ಮತ್ತು 7 ಬಂದವು. 2 ಮೂಲೆಗಳಿಂದ ಕೂಡಿದ ಅಂಕುಡೊಂಕು ಗೆರೆಯಾಯಿತು, 3 ಎಡಬಲ ತಿರುಗಿತು, 8 ಒಂದರ ಮೇಲೊಂದು ಕೂತ ಎರಡು ಉಂಡೆಗಳಾಯಿತು, 5ಕ್ಕೆ ಬಂದಾಗ ಪೆನ್ಸಿಲ್ ಹಾಳೆಯ ಮೇಲೆ ಒಂದಷ್ಟು ಹೊತ್ತು ತಡಕಾಡಿ ನಿಂತುಬಿಟ್ಟಿತು. ಅದೇ ಮಗು ಹಿಂದಿನ ದಿನ ತೋಡಿನಲ್ಲಿ ಸಾಲು ಸಾಲು 5 ಬರೆದಿತ್ತು. ಕೈ ಕಲಿತದ್ದು ಅಂಚಿಗೆ ಒರಗಿಕೊಂಡು ನಡೆಯುವುದನ್ನು. ಅಂಚು ಇಲ್ಲವಾದಾಗ ನೆನಪಿನಿಂದ ತೆಗೆಯಲು ಅದರ ಬಳಿ ಏನೂ ಇರಲಿಲ್ಲ.

ಇದು ನನ್ನೊಬ್ಬಳ ಅನುಮಾನವಲ್ಲ. ಸಂಶೋಧಕರಾದ ಕರಿನ್ ಜೇಮ್ಸ್ ಮತ್ತು ಎಂಗೆಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಇನ್ನೂ ಓದಲು ಬಾರದ 5 ವರ್ಷದ ಆಸುಪಾಸಿನ ಮಕ್ಕಳಿಂದ ಕೆಲವು ಅಕ್ಷರಗಳನ್ನು ನೋಡಿಕೊಂಡು ಸ್ವಂತವಾಗಿ ಬರೆಯಿಸಿ, ಕೆಲವನ್ನು ಚುಕ್ಕಿಗೆರೆಯ ಮೇಲೆ ತಿದ್ದಿಸಿ, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿ, ಆಮೇಲೆ ಅವುಗಳನ್ನು ನೋಡುವಾಗ ಮೆದುಳು ಹೇಗೆ ಸ್ಪಂದಿಸುತ್ತದೆ ಎಂದು ಸ್ಕ್ಯಾನ್ ಮಾಡಿ ನೋಡಿದರು. ಓದಿಗೆ ಬಳಕೆಯಾಗುವ ಮೆದುಳಿನ ಭಾಗಗಳು ಎಚ್ಚೆತ್ತದ್ದು ಸ್ವಂತವಾಗಿ ಬರೆದ ಅಕ್ಷರಗಳಿಗೆ. ತಿದ್ದಿದವುಗಳಿಗೂ ಒತ್ತಿದವುಗಳಿಗೂ ಆ ಬಗೆಯ ಸ್ಪಂದನ ಕಾಣಲಿಲ್ಲ. ಅದು ಅಕ್ಷರಗಳ ಮಾತು, ಅಂಕಿಗಳದ್ದಲ್ಲ, ಮತ್ತು ಒಂದು ಸಣ್ಣ ಗುಂಪಿನ ಮೇಲೆ ನಡೆದ ಪ್ರಯೋಗ ಎಂಬುದನ್ನು ಮರೆಯಬಾರದು. ಆದರೆ ಸೊಟ್ಟಪಟ್ಟಗೆ ಬರೆದು, ಪ್ರತಿ ಸಲವೂ ಬೇರೆ ಬೇರೆಯಾಗಿ ಬಂದ ಆಕಾರಗಳನ್ನು ನೋಡಿಯೇ ಮಗು ಯಾವುದು ಅಂಕಿಯ ತಿರುಳು, ಯಾವುದು ಕೈಯ ಓರೆ ಎಂದು ಬೇರ್ಪಡಿಸಿಕೊಳ್ಳುತ್ತದೆ ಎಂಬ ಅವರ ವಿವರಣೆ ನನ್ನ ಅನುಭವಕ್ಕೆ ಒಪ್ಪುತ್ತದೆ. ತೋಡಿನಲ್ಲಿ ಸೊಟ್ಟಗಾಗುವ ಅವಕಾಶವೇ ಇಲ್ಲ. ಕನ್ನಡದಲ್ಲಿ ತಿದ್ದುವುದು ಎಂಬ ಮಾತಿಗೆ ಬರೆದದ್ದರ ಮೇಲೆಯೇ ಮತ್ತೆ ಬರೆಯುವುದು ಎಂಬ ಅರ್ಥವೂ ಉಂಟು, ತಪ್ಪನ್ನು ಸರಿಪಡಿಸುವುದು ಎಂಬ ಅರ್ಥವೂ ಉಂಟು. ಈ ಪುಸ್ತಕಕ್ಕೆ ಮೊದಲನೆಯದಷ್ಟೇ ಗೊತ್ತು.

3 ತಿರುಗಿದ್ದನ್ನು ನೋಡಿ ತಂಗಿ ಗಾಬರಿಯಾದಳು, ಆದ್ದರಿಂದ ಅದರ ಬಗ್ಗೆ ಒಂದೆರಡು ಮಾತು. ಲೋಟದ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಲೋಟವೇ ಎಂದು ಗುರುತಿಸುವಂತೆ ನಮ್ಮ ಮೆದುಳು ಪಳಗಿರುತ್ತದೆ; ಒಂದು ವಸ್ತುವನ್ನೂ ಅದರ ಕನ್ನಡಿಬಿಂಬವನ್ನೂ ಬೇರೆಯೆಂದು ಕಾಣಬೇಕಾದ ಜರೂರು ಮೊದಲ ಬಾರಿಗೆ ಬರುವುದು ಅಕ್ಷರ ಮತ್ತು ಅಂಕಿಗಳಲ್ಲಿ. ಹಾಗಾಗಿ 5, 6 ವರ್ಷದ ಮಕ್ಕಳು ಅಂಕಿಗಳನ್ನು ತಿರುಗಿಸಿ ಬರೆಯುವುದು ಬಹಳ ಸಾಮಾನ್ಯ, ಎಡಗೈಯವರಿಗೆ ಮಾತ್ರ ಮೀಸಲಾದದ್ದಲ್ಲ, ಹೆಚ್ಚಿನವರಲ್ಲಿ 7ರ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಎಲ್ಲ ಅಂಕಿಗಳೂ ಒಂದೇ ಪ್ರಮಾಣದಲ್ಲಿ ತಿರುಗುವುದಿಲ್ಲ ಎಂಬುದು ಇದರಲ್ಲಿನ ಸ್ವಾರಸ್ಯ. ಫ್ರಾನ್ಸಿನ ಸಂಶೋಧಕ ಜಾನ್-ಪಾಲ್ ಫಿಷರ್ ತೋರಿಸಿದಂತೆ, ಎಡಕ್ಕೆ ಮುಖ ಮಾಡಿರುವ 1, 2, 3, 7 ಮತ್ತು 9 ಹೆಚ್ಚಾಗಿ ತಿರುಗುತ್ತವೆ. ಬಲಕ್ಕೆ ಮುಖ ಮಾಡಿರುವ 5, 6ರಂಥವು ಕಡಿಮೆ. ಬರಹ ಎಡದಿಂದ ಬಲಕ್ಕೆ ಸಾಗುವುದನ್ನು ಕಂಡ ಮಗು, ಎಲ್ಲವೂ ಬಲಕ್ಕೇ ಮುಖ ಮಾಡಿರಬೇಕು ಎಂದು ಒಳಗೊಳಗೇ ಒಂದು ನಿಯಮ ಕಟ್ಟಿಕೊಂಡಿರುತ್ತದೆ. ಅಂದರೆ ತಿರುಗಿದ 3 ಮಗು ತನ್ನಷ್ಟಕ್ಕೆ ಯೋಚಿಸುತ್ತಿದೆ ಎಂಬುದರ ಗುರುತು. ತೋಡಿನ ಪುಸ್ತಕ ಆ ತಪ್ಪನ್ನು ತಡೆಯುತ್ತದೆ ಎಂದು ಹೊದಿಕೆಯ ಮೇಲೆ ಬರೆದಿದ್ದಾರೆ. ತಡೆಯುವುದು ನಿಜ, ಆದರೆ ಪುಸ್ತಕ ತೆರೆದಿರುವಷ್ಟು ಹೊತ್ತು ಮಾತ್ರ; ಮುಚ್ಚಿದ ಮೇಲೆ 3 ಮತ್ತೆ ಬಲಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಯಾವ ಅಂಕಿಯಲ್ಲಿ ಮಗುವಿಗೆ ಗೊಂದಲವಿದೆ ಎಂಬುದು ದೊಡ್ಡವರಿಗೂ ತಿಳಿಯುವುದಿಲ್ಲ.

ಇನ್ನು ಮಾಯವಾಗುವ ಶಾಯಿ. ಪೊಟ್ಟಣದ ಮೇಲೆ ಇದಕ್ಕೇ ಅತ್ಯಂತ ದೊಡ್ಡ ಅಕ್ಷರಗಳು. ಹಗುರಾಗಿ ಎಳೆದ ಗೆರೆ ಹತ್ತಿಪ್ಪತ್ತು ನಿಮಿಷಗಳಲ್ಲಿ ಮಸುಕಾಗುತ್ತದೆ. ಒತ್ತಿ ಬರೆದು ಶಾಯಿ ತೋಡಿನ ತಳದಲ್ಲಿ ನಿಂತಿದ್ದರೆ ಮರುದಿನವೂ ನೀಲಿ ನೆರಳು ಉಳಿದಿರುತ್ತದೆ. ಇಂಥ ಶಾಯಿಯ ಹಳೆಯ ಸೂತ್ರದಲ್ಲಿ ಥೈಮಾಲ್ಫ್ಥಲೀನ್ ಎಂಬ ಸೂಚಕವನ್ನು ಬಳಸುತ್ತಾರೆ; ಅದು ಕ್ಷಾರದಲ್ಲಿ ನೀಲಿಯಾಗಿದ್ದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಷಾರತೆ ಇಳಿದಾಗ ಬಣ್ಣ ಕಳೆದುಕೊಳ್ಳುತ್ತದೆ. ಈ ರೀಫಿಲ್ಲುಗಳಲ್ಲಿ ಇರುವುದು ಅದೇ ಹೌದೋ ಅಲ್ಲವೋ ಎಂದು ತಿಳಿಯುವ ದಾರಿಯಿಲ್ಲ, ಏಕೆಂದರೆ ಶಾಯಿಯಲ್ಲಿ ಏನಿದೆ ಎಂಬುದನ್ನು ಪೊಟ್ಟಣದ ಆರು ಮುಖಗಳಲ್ಲಿ ಎಲ್ಲಿಯೂ ಬರೆದಿಲ್ಲ. ಪೆನ್ನನ್ನು ಬಾಯಿಗಿಡುವ ವಯಸ್ಸಿನವರಿಗೆ ಮಾರುವ ಸರಕಿನಲ್ಲಿ ಇದು ಸಲ್ಲದ ಮೌನ. ರೀಫಿಲ್ ಬೇಗ ಖಾಲಿಯಾಗುತ್ತದೆ. ಮುಚ್ಚಳ ಹಾಕಲು ಮರೆತರೆ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ.

ಆದರೆ ನನಗೆ ಬೇಸರ ತಂದದ್ದು ರಸಾಯನವಲ್ಲ. ಹುಡುಗಿ ಒಂದು ಸಂಜೆ 2ರ ಪುಟವನ್ನು ಪೂರ್ತಿ ಬರೆದು, ಅಮ್ಮ ಬಂದ ಮೇಲೆ ತೋರಿಸಬೇಕೆಂದು ಪುಸ್ತಕವನ್ನು ತೆರೆದೇ ಇಟ್ಟು ಕಾಯುತ್ತಿದ್ದಳು. ಅಮ್ಮ ಬರುವ ಹೊತ್ತಿಗೆ ಪುಟ ಬರಿದಾಗಿತ್ತು. “ದೊಡ್ಡಮ್ಮ, ನಾನು ಬರೆದಿದ್ದು ಎಲ್ಲಿ ಹೋಯ್ತು?” ಎಂದು ಕೇಳಿದಳು, ಮಾಯಾಶಾಯಿ ಎಂದು ವಿವರಿಸಿದರೆ, “ನನಗೆ ಮಾಯ ಆಗದೇ ಇರೋದು ಬೇಕು” ಎಂದಳು. ಬರಹವೆಂದರೆ ಉಳಿಯುವ ಗುರುತು ಎಂಬ ತಿಳಿವಳಿಕೆ ಆ ಮಗುವಿಗೆ ಆಗಲೇ ಬಂದಿತ್ತು. ದೊಡ್ಡವರಿಗೂ ಇದರಿಂದ ನಷ್ಟವಿದೆ. ಬಳಪದಲ್ಲಿ ಬರೆದು ಅಳಿಸಿದ ಸ್ಲೇಟಿನ ಮೇಲೂ ಏನೂ ಉಳಿಯುವುದಿಲ್ಲ ಎನ್ನಬಹುದು. ಆದರೆ ಅಲ್ಲಿ ಅಳಿಸುವುದು ಮಗುವಿನ ಕೈ, ಯಾವಾಗ ಅಳಿಸಬೇಕೆಂಬುದು ಮಗುವಿನ ತೀರ್ಮಾನ. ಹಳೆಯ ಹಾಳೆಗಳನ್ನು ತಾರೀಖು ಹಾಕಿ ಇಟ್ಟುಕೊಂಡರೆ, ಎರಡು ತಿಂಗಳ ಹಿಂದಿನ 4ಕ್ಕೂ ಇಂದಿನ 4ಕ್ಕೂ ಇರುವ ಅಂತರ ಮಗುವಿಗೇ ಕಾಣುತ್ತದೆ. ಈ ಪುಸ್ತಕದಲ್ಲಿ ಮೊದಲ ದಿನವೂ ಕೊನೆಯ ದಿನವೂ ಒಂದೇ.

ಪೆನ್ನಿನ ರಬ್ಬರ್ ಹಿಡಿಕೆಯನ್ನು ಬಲಗೈಗೆಂದೇ ಅಚ್ಚು ಹಾಕಿದ್ದಾರೆ. ಹೆಬ್ಬೆರಳಿನ ಗುಳಿ ಎಡಗೈಗೆ ಕೂರುವುದಿಲ್ಲ. ಹುಡುಗ ಎರಡನೆಯ ದಿನವೇ ಅದನ್ನು ಕಿತ್ತು ಎಸೆದ, ಅವನನ್ನು ಗದರುವ ಮನಸ್ಸು ನನಗಾಗಲಿಲ್ಲ. ಎಡಗೈಯವರಿಗೆ ಇನ್ನೊಂದು ಅಡಚಣೆಯೂ ಇದೆ: ಮಾದರಿ ಅಂಕಿ ಸಾಲಿನ ಎಡತುದಿಯಲ್ಲಿದ್ದು, ಬರೆಯುವ ಕೈ ಅದನ್ನೇ ಮುಚ್ಚುತ್ತದೆ, ಹಸಿಶಾಯಿಯನ್ನು ಅಂಗೈಯ ಅಂಚು ಒರೆಸಿಕೊಂಡು ಹೋಗುತ್ತದೆ. ಸಾಲಿನ ಬಲತುದಿಯಲ್ಲಿಯೂ ಒಂದು ಮಾದರಿಯನ್ನು ಅಚ್ಚು ಹಾಕಿದ್ದರೆ ಸಾಕಿತ್ತು. ಹಿಡಿತದ ವಿಚಾರದಲ್ಲಿ ಅವಸರ ಬೇಡ ಎಂಬುದೂ ನೆನಪಿರಲಿ. ಮುಷ್ಟಿಯಲ್ಲಿ ಹಿಡಿಯುವ ಮಗು ಮುಂದೆ ಬೆರಳುಗಳನ್ನು ಕೆಳಮುಖವಾಗಿಟ್ಟು ಹಿಡಿಯುತ್ತದೆ, ಆಮೇಲೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ನಡುವೆ ಹಿಡಿಯಲು ಕಲಿಯುತ್ತದೆ. ಸಾಮಾನ್ಯವಾಗಿ 4ರಿಂದ 6 ವರ್ಷದ ನಡುವೆ ಅದು ಕೂಡಿಬರುತ್ತದೆ. ಗಿಡ್ಡ ಬಳಪವನ್ನೋ ಮುರಿದ ಕ್ರೇಯಾನಿನ ತುಂಡನ್ನೋ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಸಾಲದೆ ಬೆರಳುಗಳು ತಾವಾಗಿ ಸರಿಯಾದ ಜಾಗಕ್ಕೆ ಬರುತ್ತವೆ. ಉದ್ದನೆಯ, ತುದಿಭಾರದ ಈ ಪೆನ್ನು ಅದಕ್ಕೆ ನೆರವಾಗುವುದಿಲ್ಲ.

ಅಚ್ಚಿನ ಆಕಾರಗಳನ್ನೂ ನೋಡಬೇಕು. 4ರ ತಲೆ ಇಲ್ಲಿ ತ್ರಿಕೋನದಂತೆ ಮುಚ್ಚಿಕೊಂಡಿದೆ, ಅಚ್ಚುಮೊಳೆಗಳಲ್ಲಿ ಹಾಗೆಯೇ ಇರುತ್ತದೆ. ಕೈಬರಹದಲ್ಲಿ ಬಹಳ ಮಂದಿ ಬರೆಯುವುದು ತಲೆ ತೆರೆದ 4. ಮುಚ್ಚಿದ ತಲೆಗೆ ಓರೆಗೆರೆ ಬೇಕು, ಓರೆಗೆರೆ ಚಿಕ್ಕವರ ಕೈಗೆ ಕೊನೆಯಲ್ಲಿ ಒಲಿಯುವ ಗೆರೆ. ಮಕ್ಕಳು ಸುಮಾರು 3ನೆಯ ವಯಸ್ಸಿಗೆ ವೃತ್ತವನ್ನು, 4ರ ಆಸುಪಾಸಿನಲ್ಲಿ ಕೂಡಿಸುವ ಚಿಹ್ನೆಯನ್ನು ನೋಡಿ ಬರೆಯಬಲ್ಲರು. ಓರೆಗೆರೆಗಳ ತ್ರಿಕೋನಕ್ಕೆ 5 ದಾಟಬೇಕಾಗುತ್ತದೆ. ಹಾಗಿರುವಾಗ ಅಂಕಿಗಳನ್ನು 1, 2, 3 ಎಂಬ ಎಣಿಕೆಯ ಕ್ರಮದಲ್ಲಿಯೇ ಬರೆಯಿಸಬೇಕೆಂಬ ಕಟ್ಟಳೆ ಏಕೆ? ಬರೆಯುವ ಕೈಗೆ 1, 0, 7 ಹತ್ತಿರದ ನೆಂಟರು, 0 ಬಂದವರಿಗೆ 6 ಮತ್ತು 9 ಹತ್ತಿರ, 2 ಮತ್ತು 3 ಒಂದೇ ಬಗೆಯಲ್ಲಿ ಹೊರಡುತ್ತವೆ, 8 ಕೊನೆಗಿರಲಿ. ಎಣಿಸುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ ಎಂಬುದನ್ನು ಪುಸ್ತಕ ಮಾಡಿದವರು ಯೋಚಿಸಿದಂತಿಲ್ಲ.

ಎಣಿಕೆಯ ಚಿತ್ರಗಳಲ್ಲಂತೂ ಅಜಾಗರೂಕತೆ ಎದ್ದು ಕಾಣುತ್ತದೆ. 7ರ ಪುಟದಲ್ಲಿ ಚಿಟ್ಟೆಗಳಿವೆ. ಒಂದು ಚಿಟ್ಟೆ ಹೂವಿನ ಹಿಂದೆ ಹೋಗಿ ಒಂದು ರೆಕ್ಕೆ ಮಾತ್ರ ಹೊರಗಿದೆ. ಹುಡುಗ ಬೆರಳಿಟ್ಟು ಎರಡೆರಡು ಸಲ ಎಣಿಸಿ, “ಇಲ್ಲಿ ಏಳಿಲ್ಲ ದೊಡ್ಡಮ್ಮ, ಆರೂವರೆ ಇದೆ” ಎಂದ. 0ಯನ್ನು 9 ಆದ ಮೇಲೆ ಚಿತ್ರವೇ ಇಲ್ಲದೆ ಅಚ್ಚು ಹಾಕಿದ್ದಾರೆ. ಖಾಲಿ ಬುಟ್ಟಿಯೊಂದನ್ನು ಬರೆದಿದ್ದರೆ ಏನೂ ಇಲ್ಲ ಎಂಬುದಕ್ಕೂ ಒಂದು ಗುರುತಿದೆ ಎಂದು ಮಗುವಿಗೆ ಹೇಳಬಹುದಿತ್ತು. ಅಂಕಿಯ ಬರಹ, ಅಂಕಿಯ ಹೆಸರು ಮತ್ತು ಅಷ್ಟು ವಸ್ತುಗಳು ಎಂಬ ಮೂರೂ ಮಗುವಿನ ತಲೆಯಲ್ಲಿ ಒಟ್ಟಿಗೆ ಕೂಡಿಕೊಳ್ಳುವುದಿಲ್ಲ. ಮನಶ್ಶಾಸ್ತ್ರಜ್ಞೆ ಕ್ಯಾರೆನ್ ವಿನ್ 1990ರ ದಶಕದ ಆರಂಭದಲ್ಲಿ ತೋರಿಸಿದಂತೆ, ಹತ್ತರವರೆಗೆ ಗಡಗಡನೆ ಎಣಿಸುವ ಮಗುವಿಗೆ “ಮೂರು ಕೊಡು” ಎಂದರೆ ಕೈಗೆ ಬಂದಷ್ಟನ್ನು ಬಾಚಿ ಕೊಡುವುದುಂಟು. ಒಂದರ ಅರ್ಥ, ಎರಡರ ಅರ್ಥ, ಮೂರರ ಅರ್ಥ ಹೀಗೆ ಒಂದೊಂದಾಗಿ ತಿಳಿಯಲು ಮಗುವಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಮ್ಮ ಹುಡುಗಿಯನ್ನು ನಾಲ್ಕು ಗುಂಡಿಗಳನ್ನು ಕೊಡೆಂದು ಕೇಳಿದಾಗ ಸರಿಯಾಗಿ ಕೊಟ್ಟಳು, ಆರು ಕೇಳಿದಾಗ ಡಬ್ಬಿಯನ್ನೇ ಕೊಟ್ಟಳು. ಆದರೆ ತೋಡಿನಲ್ಲಿ 9 ಬರೆಯುತ್ತಿದ್ದಳು. ಬರಹ ಮುಂದೆ ಓಡಿ ಅರ್ಥ ಹಿಂದುಳಿದದ್ದು ಪುಸ್ತಕದೊಂದರದೇ ತಪ್ಪಲ್ಲ, ನಾನೂ ಅದನ್ನು ತಡವಾಗಿ ಗಮನಿಸಿದೆ.

ಇದರ ಜೊತೆಯಲ್ಲಿ ಬೇರೆ ಮೂರು ಸಾಧನಗಳನ್ನೂ ಬಳಸಿ ನೋಡಿದೆ. ಒರೆಸಿ ಮತ್ತೆ ಬರೆಯುವ ಪ್ಲಾಸ್ಟಿಕ್ ಹಾಳೆಯ ಪುಸ್ತಕದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಚುಕ್ಕಿಗೆರೆಯ ಮೇಲೆ ತಿದ್ದಿಸುವುದರಿಂದ ತೋಡಿನ ದೋಷಗಳೇ ಅಲ್ಲಿಯೂ ಇವೆ, ಆದರೆ ಜಾರಿದರೆ ಜಾರಿದ್ದು ಕಾಣುತ್ತದೆ ಎಂಬುದೊಂದು ಮೇಲು. ಗುಂಡಿ ಒತ್ತಿದರೆ ಅಳಿಸಿಹೋಗುವ ಎಲ್‌ಸಿಡಿ ಸ್ಲೇಟು ಮಕ್ಕಳಿಗೆ ಬಹಳ ಇಷ್ಟ. ಮೇಲ್ಮೈ ಗಾಜಿನಂತೆ ನುಣುಪಾಗಿರುವುದರಿಂದ ಕೈಗೆ ಹಿಡಿತ ಸಿಗದೆ ಗೆರೆಗಳು ಓಡುತ್ತವೆ, ಒಂದು ಅಂಕಿ ತಪ್ಪಾದರೆ ಅದೊಂದನ್ನೇ ಅಳಿಸಲಾಗದೆ ಎಲ್ಲವೂ ಹೋಗುತ್ತದೆ. ಅದರ ಹಿಂಬದಿಯಲ್ಲಿ ಬಿಲ್ಲೆ ಆಕಾರದ ಬ್ಯಾಟರಿ ಇರುತ್ತದೆ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು, ಆದ್ದರಿಂದ ಮುಚ್ಚಳಕ್ಕೆ ತಿರುಪು ಇರುವುದನ್ನು ನೋಡಿಯೇ ಕೊಳ್ಳಬೇಕು.

ಮೂರನೆಯದು ಸ್ಯಾಂಡ್‌ಪೇಪರಿನ ಅಂಕಿಗಳು. 1907ರಲ್ಲಿ ರೋಮಿನ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿಯ ಪದ್ಧತಿಯಿಂದ ಬಂದ ಸಾಧನ ಇದು. ನುಣುಪು ಹಲಗೆಯ ಮೇಲೆ ಒರಟು ಕಾಗದವನ್ನು ಅಂಕಿಯ ಆಕಾರದಲ್ಲಿ ಕತ್ತರಿಸಿ ಅಂಟಿಸಿರುತ್ತಾರೆ. ಮಗು ತೋರುಬೆರಳು ಮತ್ತು ನಡುಬೆರಳನ್ನು ಅದರ ಮೇಲೆ ಆಡಿಸುತ್ತ ಅಂಕಿಯ ಹೆಸರನ್ನು ಹೇಳುತ್ತದೆ. ಮೊದಲ ನೋಟಕ್ಕೆ ಇದೂ ತೋಡಿನಂಥದ್ದೇ ಎನ್ನಿಸಬಹುದು. ಆದರೆ ತೋಡಿನಲ್ಲಿ ಪೆನ್ನು ಹೊರಗೆ ಹೋಗದಂತೆ ಅಂಚು ತಡೆಯುತ್ತದೆ, ಇಲ್ಲಿ ಯಾವುದೂ ತಡೆಯುವುದಿಲ್ಲ. ಬೆರಳು ಜಾರಿ ನುಣುಪಿಗೆ ಬಂದರೆ ಮಗುವಿಗೇ ಗೊತ್ತಾಗಿ ತಾನೇ ಒರಟಿನ ಕಡೆಗೆ ಮರಳುತ್ತದೆ. ಇದೇ ನಿಜವಾದ ಅರ್ಥದಲ್ಲಿ ತಿದ್ದಿಕೊಳ್ಳುವುದು. ಆ ಪದ್ಧತಿಯಲ್ಲಿ ಅಂಕಿಗಳಿಗೂ ಮೊದಲು 10 ಸೆಂಟಿಮೀಟರಿನಿಂದ 1 ಮೀಟರಿನವರೆಗಿನ ಹತ್ತು ಕೋಲುಗಳನ್ನು ಕೊಟ್ಟು, ಉದ್ದವನ್ನು ಕೈಯಲ್ಲಿ ಹಿಡಿದು ಎಣಿಸಲು ಹೇಳಿಕೊಡುತ್ತಾರೆ ಎಂಬುದೂ ಅರ್ಥಪೂರ್ಣ. ದೋಷವಿಲ್ಲವೆಂದಲ್ಲ: ದಿಕ್ಕನ್ನು ಇಲ್ಲಿಯೂ ದೊಡ್ಡವರೇ ತೋರಿಸಬೇಕು, ಮತ್ತು ಹಲಗೆ ತಲೆಕೆಳಗಾದರೆ 6 ಹೋಗಿ 9 ಆಗುತ್ತದೆ. ನಾನು ಎಲ್ಲ ಹಲಗೆಗಳ ಕೆಳ ಅಂಚಿಗೆ ಒಂದೊಂದು ಕೆಂಪು ಗೆರೆ ಎಳೆದ ಮೇಲೆ ಆ ಗೊಂದಲ ತಪ್ಪಿತು.

ಆಶ್ಚರ್ಯವೆಂದರೆ ಕೊನೆಗೆ 5 ಮತ್ತು 8ನ್ನು ಕಲಿಸಿದ್ದು ಸಾದಾ ಕರಿಸ್ಲೇಟು. ನಾನು ಬಳಪದಲ್ಲಿ ದೊಡ್ಡದಾಗಿ ಒಂದು ಅಂಕಿ ಬರೆಯುತ್ತಿದ್ದೆ, ಅವಳು ಒದ್ದೆ ಸ್ಪಂಜಿನ ಚಿಕ್ಕ ತುಂಡಿನಿಂದ ಅದರ ಮೇಲೆ ನಡೆದು ಅಳಿಸುತ್ತಿದ್ದಳು, ಒಣಬಟ್ಟೆಯ ತುಂಡಿನಿಂದ ಇನ್ನೊಮ್ಮೆ ಅದೇ ದಾರಿಯಲ್ಲಿ ನಡೆಯುತ್ತಿದ್ದಳು, ಆಮೇಲೆ ಖಾಲಿಯಾದ ಸ್ಲೇಟಿನ ಮೇಲೆ ತಾನೇ ಬಳಪದಲ್ಲಿ ಬರೆಯುತ್ತಿದ್ದಳು. ಮಕ್ಕಳ ಕೈಬರಹಕ್ಕೆ ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟರು ಬಳಸುವ ವಿಧಾನ ಇದು. ಸ್ಲೇಟಿನ ಮೇಲಿನ ಎಡಮೂಲೆಯಲ್ಲಿ ಒಂದು ಚುಕ್ಕಿ ಇಟ್ಟು, ಹೊರಡುವ ಜಾಗ ಅದೆಂದು ಹೇಳಿದರೆ 1ರಿಂದ 7ರವರೆಗಿನ ಅಂಕಿಗಳು ತಿರುಗುವುದು ಬಹಳಷ್ಟು ಕಡಿಮೆಯಾಗುತ್ತದೆ. 8 ಮತ್ತು 0 ಮೇಲಿನ ನಡುವಿನಿಂದ, 9 ಬಲಮೂಲೆಯಿಂದ ಹೊರಡುತ್ತವೆ. ಮೂರು ಬಾರಿ ಅದೇ ದಾರಿಯಲ್ಲಿ ನಡೆದರೂ ಮೂರನೆಯ ಬಾರಿ ಕೈಗೆ ಯಾವ ಆಸರೆಯೂ ಇರುವುದಿಲ್ಲ ಎಂಬುದೇ ಇದರ ಗುಣ. ಎಂಟು ಹತ್ತು ಸಂಜೆಗಳಲ್ಲಿ 8 ಒಂದೇ ಗೆರೆಯಲ್ಲಿ ಬಂತು.

ಹಾಗಾದರೆ ಈ ಪುಸ್ತಕವನ್ನು ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಪೆನ್ಸಿಲನ್ನು ಮುಟ್ಟಲು ಅಂಜುವ ಮಗುವಿದ್ದರೆ, ಪಕ್ಕದಲ್ಲಿ ಕೂರಲು ನಿಮಗೆ ಬಿಡುವಿದ್ದರೆ, ಎರಡು ವಾರಗಳ ಮಟ್ಟಿಗೆ ಇದು ಉಪಯೋಗಕ್ಕೆ ಬರುತ್ತದೆ. ದೊಡ್ಡ ಅಂಕಿಯ ತೋಡಿನಲ್ಲಿ ಮೊದಲು ಪೆನ್ನಿಲ್ಲದೆ ಬೆರಳನ್ನೇ ಓಡಿಸಲಿ; ಒಂದು ಸಲ ತೋಡಿನಲ್ಲಿ ಬರೆದರೆ ಅದರ ಬೆನ್ನಿಗೇ ಎರಡು ಸಲ ಬಿಳಿ ಹಾಳೆಯ ಮೇಲೆ ಬರೆಯಲಿ; ಸಣ್ಣ ಅಂಕಿಗಳ ಸಾಲುಗಳನ್ನು ಬಿಟ್ಟುಬಿಡಿ. ಈಗಾಗಲೇ ಸೊಟ್ಟಗಾದರೂ ಸ್ವಂತವಾಗಿ ಬರೆಯುತ್ತಿರುವ ಮಗುವಿಗೆ ಇದು ಬೇಡ, ಹಿಂದಕ್ಕೆಳೆದಂತಾಗುತ್ತದೆ. 3 ವರ್ಷದೊಳಗಿನವರ ಕೈಗೆ ಕೊಡಲೇಬಾರದು. ಅಷ್ಟು ಚಿಕ್ಕವರ ಆಟಿಕೆಗಳ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಇಳಿಯುವ ಬಿಡಿಭಾಗಗಳನ್ನು ಅಪಾಯವೆಂದು ಎಣಿಸುತ್ತಾರೆ, ಈ ಪೆನ್ನಿನ ಮುಚ್ಚಳವೂ ಹಿಡಿಕೆಯೂ ಅದರೊಳಗೆ ಸಲೀಸಾಗಿ ಇಳಿಯುವಷ್ಟು ಚಿಕ್ಕವು. ಐದಕ್ಕೆ ಎರಡು ಅಂಕ ಕೊಡುತ್ತೇನೆ, ಆ ಎರಡೂ ಹಾಳೆಯ ಗಟ್ಟಿತನಕ್ಕೆ ಮತ್ತು ಮೊದಲ ವಾರದ ಧೈರ್ಯಕ್ಕೆ ಸಲ್ಲಬೇಕು.

ಆರೂವರೆ ಚಿಟ್ಟೆಯ ಪುಟದ ಫೋಟೋ ತೆಗೆದು ಮಾರಿದವರಿಗೆ ಕಳುಹಿಸಿದ್ದೆ, ಮುಂದಿನ ಮುದ್ರಣದಲ್ಲಾದರೂ ಸರಿಪಡಿಸಲಿ ಎಂದು. ವಾರದೊಳಗೆ ವಿನಯದಿಂದ ಉತ್ತರ ಬಂತು, ಅನನುಕೂಲಕ್ಕಾಗಿ ವಿಷಾದ ಸೂಚಿಸಿ ಇನ್ನೂ 10 ರೀಫಿಲ್ಲುಗಳನ್ನು ಉಚಿತವಾಗಿ ಕಳುಹಿಸಿಕೊಟ್ಟಿದ್ದಾರೆ.